ಕಪ್ಪು ಬರದ ದಿನಗಳು

ಗಡ್ಡದವನು ಚಿತ್ರಗಳನ್ನು ಎರಡನೇ ಸಲ ವಾಪಸ್ ತಂದಾಗಲೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಜಿನ ಮೇಲೆ ಮೆಲ್ಲಗೆ ಹರಡಿ, ನಟಿಯೊಬ್ಬಳ ಕೂದಲಿನ ಮೇಲೆ ಬೆರಳಿಟ್ಟು, ಇಲ್ಲಿ ಕತ್ತಲೆ ಇರಬೇಕಿತ್ತು, ಬರೀ ಮೋಡ ಇದೆ ಎಂದ. ನಾಟಕದವರ ಫೋಟೋ ತೆಗೆಯುವುದು ಅವನ ಕಸುಬು, ಅದನ್ನು ಕತ್ತಲೆಕೋಣೆಯಲ್ಲಿ ಕಾಗದಕ್ಕಿಳಿಸುವುದು ಮೇಜಿನ ಈಚೆ ನಿಂತಿದ್ದ ಇವಳದು. ಸಂಜೆ ಬರ್ತೀನಿ, ನಾಳೆ ಗೋಡೆಗೆ ತೂಗುಹಾಕಬೇಕು ಎಂದು ಹೇಳಿ ಮೆಟ್ಟಿಲಿಳಿದ. ಇನ್ನೊಬ್ಬರ ಹತ್ತಿರ ಹೋಗುವ ಮಾತನ್ನು ಅವನು ಆಡಲಿಲ್ಲ. ಇಳಿಯುವಾಗ ಅವಳ ಮುಖ ನೋಡಲಿಲ್ಲ, ಅಷ್ಟೆ.

ಅವಳು ಕೋಣೆಯೊಳಗೆ ಹೋದಳು, ಹೊರಗೆ ಬಂದಳು. ತೊಳೆದಿದ್ದ ಟ್ರೇಗಳನ್ನೇ ಮತ್ತೆ ತೊಳೆದಳು. ಕಿಟಕಿಯ ಹತ್ತಿರ ನಿಂತು ಎದುರು ಗೋಡೆಯ ಬರಹವನ್ನು ಬಲಗಣ್ಣಿನಿಂದ ಓದಿದಳು, ಆಮೇಲೆ ಎಡಗಣ್ಣಿನಿಂದ. ಓದಲು ಬಂತು. ಆದರೆ ಆ ಬರಹ ಅವಳಿಗೆ ಬಾಯಿಪಾಠ. ಅದನ್ನು ಕಣ್ಣು ಓದಿತೋ ನೆನಪು ಓದಿತೋ ಯಾರಿಗೆ ಗೊತ್ತು?

ಅವಳ ಅಮ್ಮನಿಗೆ ಕಣ್ಣು ಹೋಗಲು ಇದೇ ವಯಸ್ಸಿನಲ್ಲಿ ಶುರುವಾಗಿತ್ತು. ಮೊದಲು ಹೋದದ್ದು ದೂರವೂ ಅಲ್ಲ, ಹತ್ತಿರವೂ ಅಲ್ಲ, ಕಪ್ಪು. ಕರಿ ದಾರಕ್ಕೂ ಕಡುನೀಲಿ ದಾರಕ್ಕೂ ವ್ಯತ್ಯಾಸ ತಿಳಿಯದೆ ಅಪ್ಪನ ಕೋಟಿಗೆ ನೀಲಿ ದಾರದಲ್ಲಿ ಗುಂಡಿ ಹೊಲಿದು, ಮನೆಯವರೆಲ್ಲ ನಕ್ಕಿದ್ದರು. ಆ ನಗುವಿನಲ್ಲಿ ಇವಳೂ ಇದ್ದಳು. ಪ್ರಿಂಟ್ ಮಾಡುವವಳಿಗೆ ಕಪ್ಪು ಕಾಣದಿದ್ದರೆ ಅಡುಗೆಯವಳಿಗೆ ನಾಲಗೆ ಸತ್ತ ಹಾಗೆ.

ಕೆಲವು ವಾರಗಳಿಂದ ಹೀಗೇ. ಬೆಳಕನ್ನು ಹೆಚ್ಚು ಹೊತ್ತು ಕೊಟ್ಟಳು, ಕಪ್ಪು-ಬಿಳುಪನ್ನು ಎದ್ದು ತೋರಿಸುವ ಗಡಸು ಕಾಗದಕ್ಕೆ ಬದಲಾಯಿಸಿದಳು, ಟ್ರೇಯಲ್ಲಿ ಇನ್ನಷ್ಟು ಹೊತ್ತು ಬಿಟ್ಟಳು. ಕೆಂಪು ದೀಪದ ಕೆಳಗೆ ಚಿತ್ರ ಮೂಡುತ್ತಿತ್ತು, ನಿದ್ದೆಯಿಂದ ಎದ್ದ ಮಗುವಿನ ಹಾಗೆ ಅರೆಮನಸ್ಸಿನಲ್ಲಿ. ಚಿತ್ರ ಮೂಡಿಸುವ ಔಷಧಿ, ಆ ಡೆವಲಪರ್ ಮೇಲೆ ಅನುಮಾನ ಬರಲಿಲ್ಲವೆಂದಲ್ಲ. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಗುತ್ತದೆಂದು ಬಾಯಿ ಬಿಡಲಿಲ್ಲ.

ಮೊದಲು ಅವಳು ಬಳಸುತ್ತಿದ್ದ ಡೆವಲಪರ್ ಹಳೇ ಕಾಲದ್ದು. ಕೈಗೆ ತಾಗಿದರೆ ಬೆರಳ ಸಂದಿಯೆಲ್ಲ ಕೆರೆತ, ಚರ್ಮ ಸುಲಿದು ಬರುತ್ತಿತ್ತು. ಆದರೆ ಗಾಳಿ ಕುಡಿದು ಕೆಡುತ್ತಾ ಬಂದ ಹಾಗೆ ಅದು ತಿಳಿ ಚಹಾ, ಕಡು ಚಹಾ, ಕೊನೆಗೆ ಕಷಾಯದ ಬಣ್ಣಕ್ಕೆ ತಿರುಗುತ್ತಿತ್ತು. ಸಾಯುವ ಮೊದಲು ಹೇಳಿ ಸಾಯುವ ಮರ್ಯಾದಸ್ಥ ಔಷಧಿ. ಬೆರಳುಗಳು ಹಾಳಾದಾವೆಂದು ಹೆದರಿ, ಈ ವರ್ಷ ಗಂಡನ ಒತ್ತಾಯಕ್ಕೆ ಹೊಸದನ್ನು ಆರಿಸಿಕೊಂಡಿದ್ದಳು. ಕೈ ವಾಸಿಯಾಯಿತು. ಹೊಸದು ಕಲಸಿದ ದಿನವೂ ನೀರಿನ ಹಾಗೆ ತಿಳಿ, ತಿಂಗಳಾದರೂ ನೀರಿನ ಹಾಗೆ ತಿಳಿ. ಡಬ್ಬಿ ಎತ್ತಿ ಬೆಳಕಿಗೆ ಹಿಡಿದು ನೋಡಿದ್ದಳು, ಒಂದಿಷ್ಟೂ ಬಣ್ಣವಿರಲಿಲ್ಲ. ಹಾಗಾದರೆ ಔಷಧಿ ಚೆನ್ನಾಗಿದೆ. ಹಾಗಾದರೆ ಉಳಿದದ್ದು ಕಣ್ಣು.

ತಿಳಿಯಲು ಸುಲಭದ ದಾರಿಯೊಂದಿತ್ತು. ಒಂದು ಚೂರು ಕಾಗದವನ್ನು ಹಗಲು ಬೆಳಕಿನಲ್ಲೇ ಹಿಡಿದು ಡೆವಲಪರಿಗೆ ಅದ್ದಿದರೆ ಸಾಕು. ಬೆಳಕು ತಿಂದ ಕಾಗದ ಇದ್ದಲಿನಷ್ಟು ಕಪ್ಪಾಗಬೇಕು. ಆಗದಿದ್ದರೆ ಔಷಧಿ ಸತ್ತಿದೆ. ಆದರೆ, ಆದರೆ ಆಗಿಬಿಟ್ಟರೆ? ಈ ಒಂದು ಪ್ರಶ್ನೆಗೆ ಹೆದರಿಯೇ ಇಷ್ಟು ದಿನ ಆ ಚೂರನ್ನು ಅದ್ದಿರಲಿಲ್ಲ.

ಇವತ್ತು ಅದ್ದಿದಳು. ಇಕ್ಕಳದಿಂದ ಎತ್ತಿ, ಬಣ್ಣವನ್ನು ಅಲ್ಲಿಗೇ ನಿಲ್ಲಿಸುವ ಮುಂದಿನ ದ್ರಾವಣದಲ್ಲಿ ಮುಳುಗಿಸಿ ತೊಳೆದು, ನೋಡದೆ ಬಟ್ಟೆಯಲ್ಲಿ ಸುತ್ತಿಕೊಂಡು ಕೆಳಗಿಳಿದಳು.

ಕೆಳಗೆ ಹೊಲಿಗೆಯವಳ ಅಂಗಡಿ. ದಿನವಿಡೀ ಕರಿಬಟ್ಟೆಗೆ ಕರಿದಾರ ಹುಡುಕುವ ಹೆಂಗಸು, ಇವಳನ್ನು ಕತ್ತಲಕ್ಕ ಎಂದೇ ಕರೆಯುತ್ತಿದ್ದಳು. ಹಗಲು ಹೊತ್ತಿನಲ್ಲಿ ಹೊರಗೆ ಬಂದೆಯಲ್ಲ, ಬಾವಲಿಗೂ ರಜೆ ಕೊಟ್ಟರಾ ಎಂದು ಚುಚ್ಚಿದಳು. ಇವಳು ನಗಲಿಲ್ಲ. ಬಟ್ಟೆ ಬಿಚ್ಚಿ, ಮುಖ ಬೇರೆ ಕಡೆ ತಿರುಗಿಸಿ ಚೂರನ್ನು ಮುಂದಿಟ್ಟಳು.

"ಇದು ಎಂಥ ಕಪ್ಪು, ಹೇಳು."

ಹೊಲಿಗೆಯವಳು ಕನ್ನಡಕ ಮೂಗಿಗೇರಿಸಿ, ಅದನ್ನು ಒಂದು ಕರಿ ಗುಂಡಿಯ ಪಕ್ಕ ಇಟ್ಟು ನೋಡಿದಳು.

"ಕಪ್ಪೆಲ್ಲಿದೆ ಕತ್ತಲಕ್ಕ? ಇದು ಒಲೆಬೂದಿ. ಇದನ್ನ ಕಪ್ಪು ಅಂತ ಮಾರಿದ್ರೆ ಗಿರಾಕಿ ಹೊಡೀತಾರೆ."

ಅವಳು ಚೂರನ್ನು ಎತ್ತಿಕೊಂಡಳು. ಹೊಲಿಗೆಯವಳು ಕನ್ನಡಕ ತೆಗೆಯುವಷ್ಟರಲ್ಲಿ ಇವಳು ಮೇಲಕ್ಕೆ ಓಡಿದ್ದಳು.

ಔಷಧಿ ಸತ್ತಿದೆ, ಸರಿ. ಯಾಕೆ ಸತ್ತಿತು? ಪುಡಿ ಹೊಸದು, ಕಲಸಿದ್ದು ಲೆಕ್ಕಪ್ರಕಾರ. ಕಪಾಟು ತಡಕಾಡಿದಳು. ಟ್ರೇಗಳ ಹಿಂದೆ ಗಾಜಿನ ಪುಟ್ಟ ಸೀಸೆಯೊಂದು ಸಿಕ್ಕಿತು. ಅದೇ ದಿನ, ಅದೇ ಪುಡಿಯಲ್ಲಿ ಕಲಸಿ ಮಿಕ್ಕಿದ್ದನ್ನು ಕುತ್ತಿಗೆಯವರೆಗೆ ತುಂಬಿ ಮರೆತಿದ್ದಳು. ಅದರಲ್ಲೊಂದು ಚೂರು ಅದ್ದಿ ತೊಳೆದು ತಂದಾಗ ಹೊಲಿಗೆಯವಳು ಗುಂಡಿಯನ್ನು ಪಕ್ಕಕ್ಕಿಟ್ಟು, ಇದರ ಮುಂದೆ ನನ್ನ ಗುಂಡಿಗೇ ನಾಚಿಕೆ ಎಂದಳು.

ಒಂದೇ ಔಷಧಿ. ಒಂದು ಗಾಜಿನಲ್ಲಿತ್ತು, ಇನ್ನೊಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಆ ಡಬ್ಬಿಗಳನ್ನು ಗಂಡ ತಾನು ಕೆಲಸ ಮಾಡುವ ಬ್ಯಾಟರಿ ಅಂಗಡಿಯಿಂದ ತಂದಿದ್ದ. ಬ್ಯಾಟರಿಗೆ ಹಾಕುವ ನೀರು ತುಂಬಿ ಬರುವಂಥವು, ಹಗುರ, ಬಿದ್ದರೂ ಒಡೆಯುವುದಿಲ್ಲ. ನೀರಿಗೆ ಅವು ಸಾಕು. ಆದರೆ ತೆಳು ಪ್ಲಾಸ್ಟಿಕ್ ತಿಂಗಳುಗಟ್ಟಲೆ ಸದ್ದಿಲ್ಲದೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವ ಮನುಷ್ಯ ಇದನ್ನು ಯೋಚಿಸಿರಲಿಲ್ಲ. ಸಾಲದ್ದಕ್ಕೆ ಡಬ್ಬಿ ಅರ್ಧ ಖಾಲಿ. ಗಾಜಿನ ಕಾಲದಲ್ಲಿ ಪ್ರತಿ ಸಲ ಬಗ್ಗಿಸಿಕೊಂಡ ಮೇಲೆ ಸೀಸೆಯೊಳಗೆ ಗೋಲಿಗಳನ್ನು ಹಾಕಿ ಔಷಧಿಯನ್ನು ಕುತ್ತಿಗೆಯವರೆಗೆ ಏರಿಸುತ್ತಿದ್ದಳು, ಗಾಳಿಗೆ ಜಾಗವೇ ಇರುತ್ತಿರಲಿಲ್ಲ. ಡಬ್ಬಿಗಳು ಬಂದ ಮೇಲೆ ಗೋಲಿಗಳು ತಗಡಿನ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದವು.

ಗಂಡ ಮಧ್ಯಾಹ್ನದ ಊಟಕ್ಕೆ ಬಂದಾಗ ಡಬ್ಬಿಗಳೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಅವಳು ತಿರುಗಿ ನೋಡದೆ ಹೊಸ ಪುಡಿ ಕಲಸುತ್ತಿದ್ದಳು. ಡಬ್ಬಿಗಳಿಂದಲೇ ಕೆಟ್ಟದ್ದು ಎಂದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಗಾಜಿನ ಸೀಸೆ ಯಾಕೆ ತೆಗೆದ್ರಿ?"

"ಒಡೆದುಹೋಯ್ತಲ್ಲ."

"ಒಡೆದದ್ದು ಒಂದು. ತೆಗೆದದ್ದು ಎಲ್ಲಾ."

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಕಣ್ಣೆದುರಿಗಿದ್ದ ಹಲಗೆ ಬಿಟ್ಟು ಆ ಸೀಸೆನ ಪಕ್ಕಕ್ಕೆ ಇಟ್ಟೆ ನೀನು, ಬಿದ್ದು ಒಡೀತು. ಕಾಣಿಸ್ತಿಲ್ಲವೇನೋ ಅಂದ್ಕೊಂಡೆ. ಗಾಜು ಕಾಲಿಗೆ ಚುಚ್ಚೀತು ಅಂತ."

"ನನಗೂ ಹಾಗೇ ಅನ್ನಿಸಿತ್ತು."

"ಹೇಳಬಹುದಿತ್ತಲ್ಲ?"

"ನೀವು ಕೇಳಬಹುದಿತ್ತಲ್ಲ?"

ಅವನು ಡಬ್ಬಿಯೊಂದನ್ನು ಕಾಲಿನಿಂದ ಹೊರಗೆ ತಳ್ಳಿದ, ತಪ್ಪೆಲ್ಲ ಅದರದ್ದೇ ಎಂಬಂತೆ. ಆಮೇಲೆ ಅವನು ಅಟ್ಟದಿಂದ ಗಾಜಿನ ಸೀಸೆಗಳನ್ನು ಇಳಿಸಿದ, ಗೋಲಿಗಳನ್ನು ಸೋಪು ನೀರಿನಲ್ಲಿ ತೊಳೆಯಲು ಕೂತ. ಊಟ ತಣ್ಣಗಾಯಿತು.

ಸಂಜೆ ಗಡ್ಡದವನು ಹೊಸ ಪ್ರಿಂಟಿನಲ್ಲಿ ನಟಿಯ ಕೂದಲಿನ ಮೇಲೆ ಬೆರಳಿಟ್ಟ. ಈ ಸಲ ಅಲ್ಲಿ ಕತ್ತಲೆ ಇತ್ತು, ಬೆರಳನ್ನು ಬೇಗ ತೆಗೆಯಲಿಲ್ಲ. ಹೋಗುವಾಗ ಅವಳ ಮುಖ ನೋಡಿ ತಲೆಯಾಡಿಸಿದ.

ಗಂಡ ಉಸಿರುಬಿಟ್ಟು, ಸದ್ಯ, ನಿನ್ನ ಕಣ್ಣು ಸರಿಯಿದೆ ಅಂತ ಗೊತ್ತಾಯ್ತಲ್ಲ ಎಂದ. ಅವಳು ಸೀಸೆಗೆ ಒಂದೊಂದೇ ಗೋಲಿ ಬಿಡುತ್ತಿದ್ದಳು. ಔಷಧಿ ಕುತ್ತಿಗೆಗೇರಿತು. ಮುಚ್ಚಳ ಬಿಗಿಮಾಡಿ, ಕೈಯಿಂದ ಹಲಗೆಯ ಅಂಚನ್ನು ಮೊದಲು ಮುಟ್ಟಿ ನೋಡಿ, ಆಮೇಲೆ ಸೀಸೆ ಇಟ್ಟಳು.

"ಔಷಧಿ ಸತ್ತಿತ್ತು ಅಂತ ಗೊತ್ತಾಯ್ತು," ಎಂದಳು. "ಕಣ್ಣನ್ನ ಇನ್ನೂ ಯಾರೂ ಅದ್ದಿ ನೋಡಿಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ. ಡಾಕ್ಟರ ಹತ್ತಿರ ನೀವೂ ಬನ್ನಿ."