ಶಂಕ್ರೆವ್ವ ಬಾವಿಯ ಮೆಟ್ಟಿಲ ಮೇಲೆ ಕೂತಳು

ಬೇಸಿಗೆ ಬಂತೆಂದರೆ ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಒಬ್ಬರಾದರೂ ಕಾಲಿಗೆ ಅರಿವೆ ಸುತ್ತಿಕೊಂಡು ಕೂತಿರುತ್ತಾರೆ. ಏನಾಯಿತು ಎಂದರೆ ‘ನಾರು ಆಗೇತ್ರಿ’ ಎನ್ನುತ್ತಾರೆ, ನೆಗಡಿಯಾಗಿದೆ ಎನ್ನುವಷ್ಟು ಸಲೀಸಾಗಿ. ಹುಣ್ಣಿನೊಳಗಿಂದ ದಾರದಂಥ ಬಿಳಿ ಹುಳ ಹೊರಗೆ ಬರುತ್ತಿರುತ್ತದೆ. ಬಿತ್ತನೆಗೆ ಹೊಲ ಹದ ಮಾಡುವ ಹೊತ್ತಿಗೇ ಗಟ್ಟಿ ಆಳು ನೆಲ ಹಿಡಿದಿರುತ್ತಾನೆ. ಇದನ್ನು ನೋಡಿ ನೋಡಿ ನನಗೆ ಸಿಟ್ಟು ಬಂದಿದೆ, ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ನಾನು ಇಂದ್ರಾಬಾಯಿ. ಮುದ್ದೇಬಿಹಾಳದ ಹೊರಗೆ ವಯಸ್ಸಾದವರ ಆಶ್ರಮವೊಂದಿದೆ, ಅಲ್ಲಿ ರೊಟ್ಟಿ ಬಡಿಯುವವಳು. ಕಥೆ ನನ್ನದಲ್ಲ, ಅಲ್ಲಿರುವ ಶಂಕ್ರೆವ್ವನದು. ಮಕ್ಕಳಿಲ್ಲದ ಮುದುಕಿ. ಬಲಗಾಲು ಮೊಣಕಾಲಿನಲ್ಲಿ ಮಡಚುವುದಿಲ್ಲ, ಕೂತರೆ ಕೋಲಿನಂತೆ ಮುಂದೆ ಚಾಚಿಕೊಂಡೇ ಇರುತ್ತದೆ. ಪಾಪ, ಮನೆಯವರು ತಂದು ಬಿಟ್ಟರೇ ಎಂದು ಯಾರಾದರೂ ಕೇಳಿದರೆ ಅವರಿಗೆ ಅವತ್ತು ಗ್ರಹಚಾರ. ‘ಯಾರೂ ತಂದು ಬಿಟ್ಟಿಲ್ಲ, ನಾನಾಗೇ ಬಂದೇನಿ’ ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತಾಳೆ.

ಅವಳು ಹುಟ್ಟಿ ಬೆಳೆದದ್ದು ಯಂಕಂಚಿ ಕಡೆಯ ಒಂದು ಹೊಲದ ಮನೆಯಲ್ಲಿ. ಹೊಲದಲ್ಲೊಂದು ಮೆಟ್ಟಿಲಬಾವಿ. ಮನೆಯವರೆಲ್ಲ ಅದರೊಳಗೆ ಇಳಿದು, ಕಾಲು ತೊಳೆದು, ಕೊಡ ತುಂಬಿಕೊಂಡು ಬರುತ್ತಿದ್ದರು. ಲಗ್ನವಾಗಿ ಗಂಡನ ಮನೆಗೆ ಹೋದ ಎಳೆಯ ಹುಡುಗಿಗೆ ಮರುಬೇಸಿಗೆಯಲ್ಲೇ ಮೊಣಕಾಲಿನಲ್ಲಿ ನಾರು ಎದ್ದಿತು. ಯಾರೋ ಅವಸರ ಮಾಡಿ ಎಳೆದರು, ಹುಳ ಒಳಗೇ ತುಂಡಾಯಿತು, ಕಾಲು ಬಾತು ಕೀವಾಗಿ ಕೊನೆಗೆ ಸೆಟೆದುಕೊಂಡಿತು. ಹಿಂದೆ ಮಾಡಿದ ಪಾಪ ಎಂದರು ಗಂಡನ ಮನೆಯವರು. ಎತ್ತಿನ ಗಾಡಿಯಲ್ಲಿ ಕೂರಿಸಿ ತವರಿಗೆ ಕಳಿಸಿಬಿಟ್ಟರು.

ತವರಿನಲ್ಲಿ ಶಂಕ್ರೆವ್ವ ಪುಕ್ಕಟೆ ಉಣ್ಣಲಿಲ್ಲ. ಕುಂಡಿ ಎಳೆದುಕೊಂಡೇ ಸಾಲು ಸಾಲು ಕಳೆ ಕಿತ್ತಳು. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಓಡಿಸಿದಳು. ಅಣ್ಣ ಗುರಪ್ಪ ಇರುವ ತನಕ ಹಾಗೇ ನಡೆಯಿತು. ಅಣ್ಣ ತೀರಿಹೋದ, ಅವಳ ಕಣ್ಣೂ ಮಂಜಾದವು, ಹೊಲದ ಕೆಲಸ ಆಗದೆ ಹೋಯಿತು. ದುಡಿಯದ ಮನೆಯಲ್ಲಿ ನನಗೆ ತುತ್ತು ಇಳಿಯುವುದಿಲ್ಲ ಎಂದು ತಾನೇ ಗಂಟು ಕಟ್ಟಿಕೊಂಡು ಆಶ್ರಮಕ್ಕೆ ಬಂದಳು.

ನಮ್ಮಲ್ಲಿಗೆ ಸುಗ್ರಾ ಎಂಬ ನರ್ಸಬಾಯಿ ಬರುತ್ತಾಳೆ. ಒಂದು ದಿನ ಆ ಕಾಲು ನೋಡಿ, ಇದು ಪಾಪವಲ್ಲ, ನೀರು ಎಂದಳು. ಶಂಕ್ರೆವ್ವ ನಂಬಲಿಲ್ಲ. ನಾನೂ ನಂಬಲಿಲ್ಲ. ಸುಗ್ರಾ ಬೇಸರ ಮಾಡಿಕೊಳ್ಳದೆ ಕೂತು ಹೇಳಿದಳು:

“ನಾರು ಆದವ್ರು ಉರಿ ತಡೀಲಾರದ ಬಾವ್ಯಾಗ ಕಾಲ ಇಡ್ತಾರವ್ವ. ಆಗ ಹುಳದ ಮರಿ ನೀರಾಗ ಬೀಳ್ತಾವ. ಕಣ್ಣಿಗಿ ಕಂಡೂ ಕಾಣದಂಥ ನೀರಿನ ಹುಳ ಅದನ್ನ ನುಂಗ್ತಾವ. ಆ ನೀರು ಸೋಸದ ಕುಡದ್ರ ಅದು ನಿಮ್ಮ ಹೊಟ್ಟಿ ಸೇರ್ತೈತಿ. ಒಂದು ವರ್ಷ ಒಳಗ ಬೆಳದು, ಮುಂದಿನ ಬ್ಯಾಸಗ್ಯಾಗ ಕಾಲಾಗ ಬರ್ತೈತಿ.”

ಶಂಕ್ರೆವ್ವ ಬಹಳ ಹೊತ್ತು ತನ್ನ ಕಾಲು ಸವರುತ್ತ ಕೂತಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನೀರಿನ ಪಾಪ ನನ್ನ ತಲಿಗಿ ಕಟ್ಟಿದ್ರಲ್ಲ ಇಂದ್ರಾಬಾಯಿ” ಎಂದಳು. “ಜಲ್ಮಪೂರ್ತಿ ಹೊತ್ತೇನಿ. ಇನ್ನೊಬ್ರ ತಲಿಗಿ ಹೊರಸಾಕ ಬಿಡಂಗಿಲ್ಲ.”

ಹತ್ತೊಂಬತ್ತು ನೂರಾ ಎಪ್ಪತ್ತಾರರ ಬೇಸಿಗೆಯಲ್ಲಿ ಶಂಕ್ರೆವ್ವನ ತವರಿನಿಂದ ಕರೆ ಬಂತು. ಅಣ್ಣನ ಮೊಮ್ಮಗ ಮಡಿವಾಳಪ್ಪನ ಲಗ್ನ, ಹುಡುಗಿ ಇಂಡಿ ಊರಿನವಳು, ಚನ್ನವ್ವ. ಆ ಮನೆಗೆ ಬಂದ ಸೊಸೆ ಮೊದಲು ಬಾವಿಗೆ ಇಳಿಯಬೇಕು, ಗಂಗವ್ವನೆಂದು ಪೂಜಿಸುವ ಆ ನೀರಲ್ಲಿ ಕಾಲು ತೊಳೆದು, ಬೊಗಸೆ ನೀರು ಕುಡಿದು, ಕೊಡ ತುಂಬಿಕೊಂಡು ಹೊಸಿಲು ದಾಟಬೇಕು. ಅಲ್ಲಿನ ಪದ್ಧತಿ ಅದು. ಶಂಕ್ರೆವ್ವನಿಗೆ ಇದು ಗೊತ್ತಿತ್ತು. ನನ್ನನ್ನು ಜೊತೆಗೆ ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಸಿಂದಗಿಯಲ್ಲಿ ಇಳಿದು, ಅಲ್ಲಿಂದ ಗಾಡಿಯಲ್ಲಿ ಹೊಲ ಮುಟ್ಟಿದೆವು. ಆ ಕಾಲನ್ನು ಬಸ್ಸಿನಲ್ಲಿ ಎಲ್ಲಿಡುವುದೆಂದು ದಾರಿಯುದ್ದಕ್ಕೂ ಜಗಳ.

ಲಗ್ನವಾದ ಮರುದಿನ ಮುತ್ತೈದೆಯರು ಸೊಸೆಯನ್ನು ಕರೆದುಕೊಂಡು ಬಾವಿಗೆ ಬಂದರು. ಮುಂದೆ ಮಡಿವಾಳಪ್ಪನ ತಾಯಿ ಹೊನ್ನವ್ವ. ಹೊನ್ನವ್ವನ ಹಿಮ್ಮಡಕ್ಕೆ ಅರಿವೆ ಸುತ್ತಿತ್ತು, ಅದರೊಳಗೆ ನಾರು. ನೋಡಿದರೆ ಶಂಕ್ರೆವ್ವ ಆಗಲೇ ಅಲ್ಲಿದ್ದಳು. ಬಾವಿಯ ಇಕ್ಕಟ್ಟಾದ ಮೊದಲ ಮೆಟ್ಟಿಲ ಮೇಲೆ ಕೂತು, ಸೆಟೆದ ಕಾಲನ್ನು ಬಾಗಿಲಿಗೆ ಅಗಳಿ ಹಾಕಿದ ಹಾಗೆ ಅಡ್ಡ ಚಾಚಿದ್ದಳು.

ಏಳು ಅತ್ತಿ ಎಂದು ಹೊನ್ನವ್ವ ನಯವಾಗಿ ಹೇಳಿದಳು. ಶಂಕ್ರೆವ್ವ ಏಳಲಿಲ್ಲ. ಸುಗ್ರಾ ಹೇಳಿದ್ದನ್ನೆಲ್ಲ ಎಲ್ಲರೆದುರು ಹೇಳಿದಳು. ಹೆಂಗಸರು ಮುಸಿಮುಸಿ ನಕ್ಕರು. ಹೊನ್ನವ್ವನಿಗೆ ಸಿಟ್ಟು ಬಂತು.

“ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನತ್ತಿ? ಹಿರ್ಯಾರ ಕಾಲದಿಂದ ನಡದದ್ದು. ಗಂಗವ್ವ ಮುನದ್ರ ಯಾರ ಹೊಣಿ?”

“ನೀರಿಗಿ ಬರ್ಲಿ, ನೀರಾಗ ಇಳ್ಯೂದು ಬ್ಯಾಡ” ಎಂದಳು ಶಂಕ್ರೆವ್ವ. “ಇಳೀಬೇಕಂದ್ರ ನನ್ನ ಕಾಲು ದಾಟಿ ಹೋಗ್ರಿ. ನಾ ಸರಿಯಾಕಿ ಅಲ್ಲ.”

ಮಲಗಿದ ಕೂಸನ್ನು ದಾಟುವುದಿಲ್ಲ, ಚಾಚಿದ ಹಿರಿಯರ ಕಾಲನ್ನೂ ದಾಟುವುದಿಲ್ಲ. ಅದೂ ಹಿರಿಯರ ಕಾಲದಿಂದ ನಡೆದದ್ದೇ. ಅರಿಸಿಣದ ಮೈಯ ಸೊಸೆ ಮುದುಕಿಯ ಕಾಲು ದಾಟುವುದೆಂದರೆ ಎಂಥ ಅಪಶಕುನ. ಎಲ್ಲರೂ ಬಿಸಿಲಲ್ಲಿ ನಿಂತರು, ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ. ಮುದುಕಿಯ ಗಟ್ಟಿತನ ನೋಡಿ ನನಗೆ ಒಳಗೊಳಗೇ ಖುಷಿಯಾಯಿತು.

ಆಗ ಶಂಕ್ರೆವ್ವ ದನಿ ತಗ್ಗಿಸಿ ಕೇಳಿದಳು. “ಹೊನ್ನವ್ವ, ನಿನ್ನ ಹಿಮ್ಮಡದಾಗ ಇರೂದನ್ನ ಈ ಸೊಸಿ ಬಾಯಿಗಿ ಹಾಕ್ತೀ ಏನು? ಈ ಕೂಸಿಗೂ ನನ್ನಂಥ ಕಾಲು ಬೇಕನ?”

ಹೊನ್ನವ್ವ ತನ್ನ ಕಾಲು ನೋಡಿಕೊಂಡಳು. ಆಮೇಲೆ ಮುದುಕಿಯ ಕಾಲು ನೋಡಿದಳು.

ಮಾತಾಡಿದವಳು ಸೊಸೆ. “ನಮ್ಮ ಇಂಡ್ಯಾಗ ಹಗ್ಗದಿಂದ ಸೇದಿ, ಗಂಗವ್ವನ್ನ ಮ್ಯಾಲ ಕರಕೊಂಡು ಪೂಜಿ ಮಾಡ್ತೀವ್ರಿ, ಅತ್ತಿ” ಎಂದು ಮೆಲ್ಲಗೆ ಹೇಳಿದಳು.

ಗಾಡಿಯಿಂದ ಹಗ್ಗ ಬಿಚ್ಚಿ ತಂದರು. ದಂಡೆಯ ಮೇಲೆ ನಿಂತು ಕೊಡ ಇಳಿಬಿಟ್ಟರು. ಹೊನ್ನವ್ವನೇ ಹೊಸ ಧೋತರ ತರಿಸಿ, ಮಡಚಿ, ಖಾಲಿ ಕೊಡದ ಬಾಯಿಗೆ ಬಿಗಿದಳು. ನೀರು ಸೋಸಿದರು, ಪೂಜೆ ನಡೆಯಿತು, ಸೊಸೆ ಬೊಗಸೆ ತುಂಬ ಸೋಸಿದ ನೀರು ಕುಡಿದು ಹೊಸಿಲು ದಾಟಿದಳು. ಗಂಗವ್ವ ಮುನಿಯಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ನೀರು ಸೋಸಿಯೇ ಕುಡಿದರು. ಆಮೇಲೆ ಹೊನ್ನವ್ವ ಹುಣ್ಣು ಮಾಯುವ ತನಕ ಬಾವಿಯ ಕಡೆ ಸುಳಿಯಲಿಲ್ಲವಂತೆ. ಸುಗ್ಗಿ ಮುಗಿದ ಮೇಲೆ ಮನೆಯವರು ಮೆಟ್ಟಿಲಿಗೆ ಗೋಡೆ ಕಟ್ಟಿ ನೀರು ಸೇದಲು ಗಡಗಡಿ ಹಾಕಿಸಿದರು.

ಮರುವರ್ಷ ಬೇಸಿಗೆಯಲ್ಲಿ ಚನ್ನವ್ವ ಆಶ್ರಮಕ್ಕೆ ಬಂದಳು, ಬುತ್ತಿ ಕಟ್ಟಿಕೊಂಡು. ಶಂಕ್ರೆವ್ವ ಬುತ್ತಿ ಮುಟ್ಟಲಿಲ್ಲ.

“ಮೊದಲ ಕಾಲು ತೋರಸವ್ವ” ಎಂದಳು.

ಹುಡುಗಿ ಪತ್ತಲ ಮೊಣಕಾಲ ತನಕ ಎತ್ತಿದಳು. ಮುದುಕಿಗೆ ಕಣ್ಣು ಸರಿಯಾಗಿ ಕಾಣದು. ಎರಡೂ ಕಾಲನ್ನು ಬೆರಳಿನಿಂದ ಮೊಣಕಾಲಿನವರೆಗೆ ಕೈಯಿಂದ ಸವರಿ ಸವರಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ. “ಈಗ ಬುತ್ತಿ ಬಿಚ್ಚು” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಾರು ನಿಮ್ಮ ಪಾಪವಲ್ಲ, ಹಣೆಬರಹವೂ ಅಲ್ಲ. ಕುಡಿಯುವ ನೀರನ್ನು ಮಡಚಿದ ದಪ್ಪ ಅರಿವೆಯಲ್ಲಿ ಸೋಸಿರಿ. ನಾರು ಆದವರು ಬಾವಿಗೆ, ಕೆರೆಗೆ ಕಾಲಿಡಬೇಡಿರಿ. ಹುಳವನ್ನು ಜಗ್ಗಬೇಡಿರಿ, ದವಾಖಾನೆಗೆ ಹೋಗಿರಿ. ಮೆಟ್ಟಿಲಬಾವಿ ಇದ್ದರೆ ಊರವರು ಕೂಡಿ ಮೆಟ್ಟಿಲು ಮುಚ್ಚಿ ಗಡಗಡಿ ಹಾಕಿಸಿರಿ. ಯಾರಾದರೂ ನಕ್ಕರೆ ನಗಲಿ. ನಿಮ್ಮ ಊರ ಬಾವಿಗೆ ಶಂಕ್ರೆವ್ವ ಬರಲಾರಳು, ಅವಳಿಗೆ ವಯಸ್ಸಾಯಿತು. ಆ ಮೆಟ್ಟಿಲ ಮೇಲೆ ನೀವು ಕೂತುಕೊಳ್ಳಿರಿ.