ಗಂಟಲಿಗೆ ಹಿಡಿದ ಬೆಳಕು

ಒಂದು ಗುಟುಕು ನೀರು ಯಾವ ದೊಡ್ಡ ಸಂಗತಿ ಎನ್ನುವವರು ಮುಕ್ತಾರನನ್ನು ನೋಡಬೇಕಿತ್ತು. ಕೋವಿಡ್ ಬಂದು ಇಪ್ಪತ್ತೆರಡು ದಿನ ಗಂಟಲಲ್ಲಿ ನಳಿಗೆ ಇಟ್ಟುಕೊಂಡು ಮಲಗಿದವ ಬದುಕಿ ಮುಂಬೈಯ ಧಾರಾವಿಗೆ ಮರಳಿದ. ನುಂಗುವುದನ್ನು ಮಾತ್ರ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ. ನೀರು ಕುಡಿದರೆ ಉಸಿರಿನ ದಾರಿಗೆ ಇಳಿದು, ಕೆಮ್ಮು ಜೀವ ಹಿಂಡುತ್ತಿತ್ತು.

ಅವನು ಬ್ಯಾಗು ಹೊಲಿಯುತ್ತಿದ್ದ ಕಾರ್ಖಾನೆಯಲ್ಲಿ ಮಧ್ಯಾಹ್ನ ಆರೂ ಜನ ಪರಾತವೆಂಬ ಒಂದೇ ಅಗಲ ತಾಟಿನ ಸುತ್ತ ಕೂತು ಉಣ್ಣುವುದು ರೂಢಿ. ಹಿಂದೆ ಮುಂದೆ ಯಾರೂ ಇಲ್ಲದ ಮುಕ್ತಾರನಿಗೆ ಅವರೇ ಮನೆಮಂದಿ. ಆದರೆ ಅದು ಕೆಮ್ಮೆಂದರೆ ಜನ ಹಾವು ಕಂಡಂತೆ ಸರಿಯುತ್ತಿದ್ದ ಕಾಲ. ಮೊದಲ ದಿನವೇ ಅವನ ಕೆಮ್ಮಿಗೆ ಐದೂ ಕೈಗಳು ಪರಾತದಿಂದ ಹಿಂದೆ ಸರಿದವು. ತನ್ನ ತಾಟು ಬೇರೆ ಇರಲಿ ಎಂದು ಅವನೇ ಹೇಳಿ, ಗಂಜಿ ಹಿಡಿದು ಚರ್ಮದ ಸುರುಳಿಗಳ ಹಿಂದೆ ಕೂತ. ಅಭಿಮಾನಕ್ಕೆ ಬಿದ್ದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಒಬ್ಬರಾದರೂ ಬೇರೆ ಕೂರಬೇಡವೆನ್ನಲಿ ಎಂದು ಕಾದ, ಯಾರು ಅಂದಾರು?

ಚೆಂಬೂರಿನ ಕ್ಲಿನಿಕ್ಕಿನಲ್ಲಿ ಥೆರಪಿಸ್ಟ್ ಯಕ್ಷಿತಾ ನುಂಗುವ ಸ್ನಾಯುಗಳು ಚೇತರಿಸಲೆಂದು ವಾರಕ್ಕೆ ಮೂರು ಸಲ ಅವನ ಗಂಟಲಿನ ಮೇಲೆ ಕೆಂಪು ಬೆಳಕು ಹಿಡಿಯುತ್ತಿದ್ದಳು. ಬಿಸಿಯಿಲ್ಲ, ನೋವಿಲ್ಲ; ಇಷ್ಟರಿಂದ ಏನಾದೀತೆಂದು ಅವನಿಗೆ ನಗು. ಆದರೂ ಒಂದು ದಿನ ತಪ್ಪಿಸಲಿಲ್ಲ, ಅವಳು ಹೇಳಿಕೊಟ್ಟ ನುಂಗುವ ಕಸರತ್ತನ್ನೂ ಬಿಡಲಿಲ್ಲ. ಅವನ ಆಸೆಯೆಲ್ಲ ಪರಾತದ ಬಳಿಯ ಆ ಒಂದು ಜಾಗದ ಮೇಲೆ. ನಾಲ್ಕನೆಯ ತಿಂಗಳಲ್ಲಿ ಒಂದು ಲೋಟ ನೀರು ತಡೆಯಿಲ್ಲದೆ ಇಳಿಯಿತು. ಇನ್ನು ಬರಬೇಕಿಲ್ಲ, ಎಲ್ಲರಂತೆ ಉಣ್ಣಬಹುದು ಎಂದಳು ಯಕ್ಷಿತಾ. ಮುಕ್ತಾರ ಕೂತಲ್ಲೇ ಅತ್ತ.

ಮರುದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಆಗುವಷ್ಟು ಖಾನಾವಳಿಯಲ್ಲಿ ಕಟ್ಟಿಸಿಕೊಂಡು ಬಂದ. ಊಟದ ಹೊತ್ತಿಗೆ ಕೈ ತೊಳೆದು ಬರುವಾಗ ಪರಾತದ ಸುತ್ತ ಐವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಜೊತೆಗಾರ ಮಜೀದ ಎದ್ದು ಅವನನ್ನು ಮೂಲೆಗೆ ಕರೆದೊಯ್ದ. ಅಲ್ಲೊಂದು ಪುಟ್ಟ ಮೇಜು, ಒಂದು ಕುರ್ಚಿ. ಕುರ್ಚಿಗೆ ಒಳ್ಳೆಯ ಚರ್ಮದ ಮೆತ್ತೆ, ಐವರೂ ಸೇರಿ ಹೊಲಿದದ್ದು.

"ಭಾಯ್, ಎಷ್ಟ ದಿನಾ ನೆಲದ ಮ್ಯಾಲ ಕುಂತ ಉಣ್ತೀರಿ? ಇನ್ನ ಮ್ಯಾಲ ಇಲ್ಲೇ ಆರಾಮ ಕುಂದರ್‍ರಿ."

ಅಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡವೆನ್ನುವುದು ಹೇಗೆ? ತಾನು ವಾಸಿಯಾದೆನೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮಜೀದ ಹೋಗಿ ತನ್ನ ಜಾಗದಲ್ಲಿ ಕೂತ. ಮುಕ್ತಾರ ಬುತ್ತಿ ಬಿಚ್ಚಿದ. ರೊಟ್ಟಿ, ಖಾರದ ಚಟ್ನಿ, ಮೇಲೊಂದು ಲೋಟ ತಣ್ಣೀರು, ಎಲ್ಲ ಸಲೀಸಾಗಿ ಇಳಿದವು. ಕೆಮ್ಮಿದ್ದರೆ ಒಬ್ಬರಾದರೂ ಇತ್ತ ತಿರುಗಿ ನೋಡುತ್ತಿದ್ದರು.