ಗಾಳಿಗೆ ಬಿಟ್ಟ ಬಿಳಿ ಪಟ್ಟಿ

ಕ್ಸವೇರಿ ದೊಂಬೆಕ್ ಕೋಟಿನ ಗುಂಡಿ ಹಾಕಿದ್ದನ್ನು ವಾರ್ಸಾ ನಗರದಲ್ಲಿ ಯಾರೂ ಕಂಡಿಲ್ಲ. ಜನವರಿಯ ಚಳಿ ಮೂಗಿನ ತುದಿಯನ್ನು ಬೀಟ್‌ರೂಟ್ ಮಾಡುವ ದಿನಗಳಲ್ಲೂ ಆ ಬೂದುಬಣ್ಣದ ಮಳೆಕೋಟು ಎರಡು ರೆಕ್ಕೆಗಳಂತೆ ತೆರೆದೇ ಇರುತ್ತದೆ. ಪ್ರತಿ ತಿರುವಿನಲ್ಲೂ ಅವರು ಪಶ್ಚಿಮಕ್ಕೆ ಮುಖಮಾಡಿ ಗಕ್ಕನೆ ನಿಂತು, ಕೋಟಿನ ಅಂಚು ಹಾರಿತೇ ಇಲ್ಲವೇ ಎಂದು ವೈದ್ಯರು ನಾಡಿ ಹಿಡಿದಷ್ಟು ಗಂಭೀರವಾಗಿ ಪರೀಕ್ಷಿಸಿ, ಎಡಗಾಲನ್ನು ತುಸು ಎಳೆಯುತ್ತಾ ಮುಂದೆ ಸಾಗುತ್ತಾರೆ. ನಗರ ಯೋಜನಾ ಕಚೇರಿಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ನಮ್ಮ ಬೀದಿಗೆ ಅವರಿನ್ನೂ ‘ಪಾನ್ ಇಂಜಿನಿಯರ್’. ನಮ್ಮಲ್ಲಿ ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ ಎನ್ನುವುದು ಗೌರವದ ಮಾತು. ಇಲ್ಲಿ ಪದವಿ ಪಿಂಚಣಿಗಿಂತ ಗಟ್ಟಿ.

ಯಾರಾದರೂ ಹೊಸ ಮೆಟ್ರೊ ನಿಲ್ದಾಣವನ್ನೋ ಮೋಡ ತಿವಿಯುವ ಗಾಜಿನ ಕಟ್ಟಡವನ್ನೋ ಹೊಗಳಿದರೆ ಅವರದು ಒಂದೇ ಪ್ರಶ್ನೆ: “ಅದೆಲ್ಲ ಸರಿ, ಉಸಿರಾಡೋದು ಎಲ್ಲಿಂದ?”

ಆ ಪ್ರಶ್ನೆ ಅವರ ಪಕ್ಕದ ಮನೆಯ ಪಾನಿ ಇರ್ಮಿನಾರ ಬಾಲ್ಕನಿಯಲ್ಲಿ ದಿನವೂ ತೂಗಾಡುತ್ತದೆ. ಉಬ್ಬಸದ ಆ ವಿಧವೆ ಬೆಳಿಗ್ಗೆ ಹರವಿದ ಹಾಸಿಗೆಬಟ್ಟೆ ಹಿಂದೆಲ್ಲ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿತ್ತು. ಪಶ್ಚಿಮದಲ್ಲಿ ಮೊದಲ ಸಾಲಿನ ಗೋಪುರಗಳು ಎದ್ದ ಮೇಲೆ ಅದು ಎರಡು ದಿನ ಹಸಿಯಾಗಿಯೇ ಜೋತುಬಿದ್ದು, ಹೊರವಲಯದ ಒಲೆಗಳ ಕಲ್ಲಿದ್ದಲ ಹೊಗೆಯನ್ನು ಹೀರಿಕೊಳ್ಳುತ್ತದೆ. ಬಟ್ಟೆ ಹೀರಿದ್ದನ್ನೇ ಆಕೆಯ ಎದೆಯೂ ಹೀರುತ್ತದೆ.

“ಪಾನ್ ಇಂಜಿನಿಯರ್, ನಿಮ್ಮ ಗಾಳಿ ರಜೆ ಮೇಲೆ ಹೋಗಿದೆಯಾ? ಸೋಮವಾರ ಒಗೆದ ಬಟ್ಟೆ ಬುಧವಾರಾನೂ ಅಳ್ತಾ ಇದೆ,” ಎಂದು ಆಕೆ ಗಸಗಸೆಯ ಕೇಕಿನ ತಟ್ಟೆಯ ಜೊತೆಗೆ ಕೊಂಕನ್ನೂ ಬಡಿಸುತ್ತಾರೆ.

ಅವರು ಕೇಕು ತಿನ್ನುತ್ತಾರೆ, ನಗುವುದಿಲ್ಲ. ಏಕೆಂದರೆ ತಪ್ಪು ಅವರದೇ. ಐವತ್ತು ವರ್ಷದ ಹಿಂದೆ, ನಗರದ ನಕ್ಷೆಗೆ ಬಣ್ಣ ತುಂಬುವ ಕಿರಿಯರಾಗಿ, ಮನೆಗಳಿಗೆ ಕಂದು, ಕಾರ್ಖಾನೆಗಳಿಗೆ ನೇರಳೆ, ಉದ್ಯಾನಗಳಿಗೆ ಹಸಿರು ಬಳಿದ ಅವರು, ಪಶ್ಚಿಮದ ಹೊಲಗಳಿಂದ ಗಾಳಿ ಊರೊಳಗೆ ಬರುವ ಅಗಲ ಪಟ್ಟಿಯನ್ನು ಬಿಳಿಯಾಗಿಯೇ ಉಳಿಸಿದರು. ಗಾಳಿಗೆಂಥ ಬಣ್ಣ ಎಂದು ಅವರು ಕೇಳಿದ್ದಕ್ಕೆ ಇಡೀ ಕಚೇರಿ ನಕ್ಕು, ಮೆಚ್ಚಿ, ಮೊಹರು ಒತ್ತಿತ್ತು. ಆ ಕಾಲದಲ್ಲಿ ಬಿಳಿಯೆಂದರೆ ಮುಟ್ಟಬಾರದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಈಗಿನ ಕಟ್ಟಡದ ಕಂಪನಿಯ ವಕೀಲರಿಗೆ ಬಿಳಿಯೆಂದರೆ ಖಾಲಿ ನಿವೇಶನ.

ಆ ಪಟ್ಟಿಯಲ್ಲಿ ಉಳಿದಿದ್ದ ಕಟ್ಟಕಡೆಯ ತುಂಡಿನ ಮೇಲೆ, ಟ್ರಾಮ್ ನಿಲ್ದಾಣದ ಹಿಂದೆ, ಹದಿನಾರು ಅಂತಸ್ತಿನ ಎಂಟು ಕಟ್ಟಡಗಳು ಬರಲಿದ್ದವು. ಹೆಸರು ‘ಗಾಳಿಯ ಉದ್ಯಾನ’! ಕೊಂದವನೇ ತಿಥಿಯೂಟಕ್ಕೆ ಸತ್ತವನ ಹೆಸರಲ್ಲಿ ಆಮಂತ್ರಣ ಹಂಚುವ ಈ ನಿರ್ಲಜ್ಜತೆಗೆ ಬಣ್ಣಬಣ್ಣದ ಕರಪತ್ರ ಬೇರೆ. ಗಾಳಿಗೋಪುರವೆಂದರೆ ಇಲ್ಲದ ಗೋಪುರವೆಂದು ನಾವು ತಿಳಿದಿದ್ದೆವು. ಇವು ಗಾಳಿಯನ್ನೇ ಇಲ್ಲವಾಗಿಸುವ ಗೋಪುರಗಳು. ಅಧಿಕಾರಸ್ಥರು ಕೊಟ್ಟ ಮಾತನ್ನು ಇನ್ನು ಮುಂದೆ ಗಾಳಿಗೆ ತೂರುವುದಕ್ಕೂ ಬೇರೆ ಊರಿಗೆ ಹೋಗಬೇಕು.

ಇಲ್ಲಿನ ಪದ್ಧತಿಯಂತೆ ಕರಡು ನಕ್ಷೆ ಇಪ್ಪತ್ತೊಂದು ದಿನ ಕಚೇರಿಯ ಹಜಾರದಲ್ಲಿ ತೂಗಬೇಕು, ನಾಗರಿಕರು ಆಕ್ಷೇಪ ಬರೆದುಕೊಡಬೇಕು, ಒಂದೊಂದಕ್ಕೂ ಕಚೇರಿ ಉತ್ತರಿಸಬೇಕು. ದೊಂಬೆಕ್ ಹಿಂದಿನ ಆರು ನಕ್ಷೆಗಳಿಗೂ ಮೊದಲ ಆಕ್ಷೇಪಣೆ ಸಲ್ಲಿಸಿದವರು. ಆರರ ಮುಂದೆಯೂ ‘ಪುರಸ್ಕರಿಸಲಾಗಿಲ್ಲ’ ಎಂಬ ಒಂದೇ ಪದ ಸಾಲಾಗಿ ಕೂತಿತ್ತು. ಕೇಳುವ ಸೋಗು ಹಾಕುವುದಕ್ಕಿಂತ ಕಿವುಡಾಗಿರುವುದು ಎಷ್ಟೋ ಮರ್ಯಾದೆಯದು.

ಏಳನೆಯದರ ಇಪ್ಪತ್ತೊಂದನೆಯ ದಿನ ಅವರು ಕಾಗದ ಒಯ್ಯಲಿಲ್ಲ. ನಕ್ಷೆಯ ಮುಂದೆ ನಿಂತು, ಒಳಜೇಬಿನಿಂದ ಮೊಂಡು ಹಸಿರು ಪೆನ್ಸಿಲ್ ತೆಗೆದು, ಎಂಟು ಕಟ್ಟಡಗಳ ಮೇಲೆ ಸಾವಧಾನವಾಗಿ, ಗೆರೆ ದಾಟದಂತೆ, ಬಣ್ಣ ತುಂಬತೊಡಗಿದರು.

ಹಜಾರದ ಗುಮಾಸ್ತೆ ಕಿಂಗಾ ಓಡಿಬಂದಳು. “ಪಾನ್ ಇಂಜಿನಿಯರ್, ಬೇಡಿ. ಇದು ಸರ್ಕಾರಿ ದಾಖಲೆ.”

“ಗೊತ್ತಮ್ಮ. ಐವತ್ತು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಕೆಲಸ, ಮುಗಿಸ್ತಾ ಇದ್ದೀನಿ.”

ಮುಗಿಸಿದರು, ಕೆಳಗೆ ಹೆಸರು, ತಾರೀಖು ಬರೆದರು. ಕಿಂಗಾ ಬಹಳ ಹೊತ್ತು ಆ ಹಸಿರನ್ನೇ ನೋಡಿದಳು. ತರುವಾಯ ನಿಯಮಪುಸ್ತಕ ತೆರೆದು, ಪ್ರದರ್ಶನದ ನಡುವೆ ನಕ್ಷೆ ಬದಲಾದರೆ ಹೊಸ ಪ್ರತಿ ತೂಗಿಸಿ ಮೊದಲ ದಿನದಿಂದ ಎಣಿಸಬೇಕೆಂಬ ಸಾಲಿನ ಕೆಳಗೆ ಬೆರಳಿಟ್ಟು, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದಿದಳು.

“ಮಂಗಳವಾರದಿಂದ ಮತ್ತೆ ಇಪ್ಪತ್ತೊಂದು ದಿನ. ಎಂಟು ಗಂಟೆಗೆ ಬಾಗಿಲು ತೆಗೀತೀವಿ. ದಯವಿಟ್ಟು ಪೆನ್ಸಿಲ್ ತರಬೇಡಿ.”

“ಕ್ರೇಯಾನ್?”

“ಅದರ ಬಗ್ಗೆ ನಿಯಮದಲ್ಲಿ ಏನೂ ಇಲ್ಲ,” ಎಂದಳು ಕಿಂಗಾ, ತಲೆಯೆತ್ತದೆ.

ದಾಖಲೆ ಕೆಡಿಸಿದ್ದಕ್ಕೆ ಅವರ ಮೇಲೊಂದು ನೋಟಿಸು ಬಂದಿದೆ. ಅದನ್ನವರು ಇರ್ಮಿನಾರ ಬಾಲ್ಕನಿಯ ಹಗ್ಗಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿದ್ದಾರೆ. ಟ್ರಾಮ್ ನಿಲ್ದಾಣದ ಕಡೆಯಿಂದ ಬರುವ ಅಷ್ಟಿಷ್ಟು ಗಾಳಿಗೆ ಅದು ಪಟಪಟಿಸುತ್ತಿದೆ. ಹೊಸ ಪ್ರತಿ ತೂಗುಬಿದ್ದು ಇಂದಿಗೆ ಒಂಬತ್ತನೆಯ ದಿನ.

ಊರು ಕಟ್ಟಿದವರ ಹೆಸರನ್ನು ಊರು ಕಲ್ಲಿನಲ್ಲಿ ಕೊರೆಯುತ್ತದೆ. ಕಟ್ಟದೇ ಬಿಡಬೇಕಾದ ಜಾಗವನ್ನು ಕಾಯುವ ಈ ಹಟಮಾರಿಗಳು ಎಲ್ಲ ರಾಜಧಾನಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಂದಲೇ ನಾವು ಉಸಿರಾಡುತ್ತೇವೆ, ಅವರ ಮೇಲೇ ನೋಟಿಸು ಹೊರಡಿಸುತ್ತೇವೆ. ಅವರು ಗೆದ್ದರೂ ಫಲಕ ಸಿಗುವುದಿಲ್ಲ. ತೂಗುಹಾಕೋಣವೆಂದರೆ, ಅವರು ಉಳಿಸಿಕೊಟ್ಟಲ್ಲಿ ಗೋಡೆಯೇ ಇರುವುದಿಲ್ಲ.